ಪರದೇಶದಲ್ಲೊಂದು ಸೆಮಿಸ್ಟರ್: ಲೆಕ್ಕ ಶುರುವಾಗುವುದು ಹಿಂದಿರುಗುವ ದಿನದಿಂದ

ವಿದೇಶದಲ್ಲಿ ಒಂದು ಸೆಮಿಸ್ಟರ್ ಓದಿ ಬರಬೇಕೆಂದು ನನ್ನ ಕೊಠಡಿಗೆ ಬರುವ ವಿದ್ಯಾರ್ಥಿಗಳ ಮೊದಲ ಪ್ರಶ್ನೆ ಬಹುತೇಕ ಒಂದೇ: "ಮೇಡಂ, ವೀಸಾ ಸಿಗುವುದು ಕಷ್ಟವೇ?" ಉತ್ತರ ಕೊಡುವ ಮೊದಲು ನಾನು ಒಂದು ಖಾಲಿ ಹಾಳೆ ತೆಗೆದು ನಡುವೆ ಉದ್ದಕ್ಕೆ ಗೆರೆ ಎಳೆಯುತ್ತೇನೆ. ಆ ಸೆಮಿಸ್ಟರಿನಲ್ಲಿ ಬೆಂಗಳೂರಿನಲ್ಲೇ ಇದ್ದಿದ್ದರೆ ಓದಬೇಕಾಗಿದ್ದ ವಿಷಯಗಳನ್ನೂ ಅವುಗಳ ಓದಿನ ಹೊರೆಯ ಅಳತೆಯಾದ ಕ್ರೆಡಿಟ್‌ಗಳನ್ನೂ ಎಡಗಡೆ ಬರೆಯಲು ಹೇಳುತ್ತೇನೆ. ಅವುಗಳಿಗೆ ಬದಲಾಗಿ ಅಲ್ಲಿ ಏನು ಓದುತ್ತಾರೆ ಎಂಬುದು ಬಲಗಡೆ. ಎಡಗಡೆ ತುಂಬಲು ಐದು ನಿಮಿಷ ಸಾಕು. ಬಲಗಡೆ ತುಂಬಲು ಮೂರು ವಾರವೂ ಹಿಡಿಯುತ್ತದೆ. ಪರದೇಶದ ಆ ಆರು ತಿಂಗಳು ದಕ್ಕುವುದೂ ಕೈತಪ್ಪುವುದೂ ಈ ಹಾಳೆಯ ಮೇಲೆಯೇ. ವೀಸಾ ಆಮೇಲಿನ ಮಾತು.

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ಐದನೇ ಸೆಮಿಸ್ಟರನ್ನು ಜರ್ಮನಿಯಲ್ಲಿ ಓದಿ ಬಂದಳು. ಒಳ್ಳೆಯ ಅಂಕ ಬಂದಿತ್ತು, ಮಾತಿನಲ್ಲಿ ಹೊಸ ಧೈರ್ಯ ಕಾಣುತ್ತಿತ್ತು. ಅಲ್ಲಿ ಓದಿದ ಕಂಪ್ಯೂಟರ್ ನೆಟ್‌ವರ್ಕ್ಸ್ ನಮ್ಮಲ್ಲಿಯ ಅದೇ ವಿಷಯಕ್ಕೆ ಹೊಂದುತ್ತದೆ ಎಂದು ಹೋಗುವ ಮುಂಚೆ ಎಲ್ಲರೂ ಬಾಯಿಮಾತಿನಲ್ಲಿ ಒಪ್ಪಿದ್ದರು. ಬಂದ ಮೇಲೆ ಪರೀಕ್ಷಾ ವಿಭಾಗದಲ್ಲಿ ಕಡತ ಬಿಚ್ಚಿದಾಗ ತೊಡಕು ಕಂಡಿತು. ನಮ್ಮ ಪಠ್ಯಕ್ರಮದಲ್ಲಿ ಆ ವಿಷಯದ ಜೊತೆ ಪ್ರಯೋಗಾಲಯವೂ ಇದೆ, ಅಲ್ಲಿಯದರಲ್ಲಿ ಇರಲಿಲ್ಲ. ಏಳನೇ ಸೆಮಿಸ್ಟರಿನಲ್ಲಿ, ಪ್ಲೇಸ್‌ಮೆಂಟ್ ಸಂದರ್ಶನಗಳ ನಡುವೆ, ಅವಳು ಕಿರಿಯರ ಜೊತೆ ನಿಂತು ಆ ಪ್ರಯೋಗ ಪರೀಕ್ಷೆ ಮುಗಿಸಿದಳು. ಅವಳದ್ದೇನೂ ತಪ್ಪಿರಲಿಲ್ಲ. ಹಾಳೆಯಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು, ಅದನ್ನು ಗಮನಿಸಬೇಕಾದವರು ನಾವು ಅಧ್ಯಾಪಕರು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ಹೊರಡುವ ದಿನದಿಂದ ಲೆಕ್ಕ ಹಾಕಬೇಡಿ, ಹಿಂದಿರುಗಿ ಅಂಕಪಟ್ಟಿ ಕೈಗೆ ತೆಗೆದುಕೊಳ್ಳುವ ದಿನದಿಂದ ಹಿಮ್ಮುಖವಾಗಿ ಹಾಕಿ.

ಒಡಂಬಡಿಕೆಯ ಒಳಗೇನಿದೆ?

ಒಂದು ಸೆಮಿಸ್ಟರಿಗೆ ಹೋಗಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ವಿನಿಮಯ. ನಿಮ್ಮ ಕಾಲೇಜಿಗೂ ಅಲ್ಲಿಯ ವಿಶ್ವವಿದ್ಯಾಲಯಕ್ಕೂ ಒಪ್ಪಂದವಿರುತ್ತದೆ. ನೀವು ಫೀಸನ್ನು ಎಂದಿನಂತೆ ಇಲ್ಲಿಯೇ ಕಟ್ಟುತ್ತೀರಿ, ಅಲ್ಲಿ ಬೋಧನಾ ಶುಲ್ಕ ಕೇಳುವುದಿಲ್ಲ. "ಮಗಳು ಅಲ್ಲಿ ಓದುತ್ತಿರುವಾಗ ಇಲ್ಲಿ ಯಾಕೆ ಫೀಸು?" ಎಂದು ತಂದೆತಾಯಂದಿರು ಕೇಳುತ್ತಾರೆ. ಅದು ಸಹಜವಾದ ಪ್ರಶ್ನೆ. ಇಲ್ಲಿ ಕಟ್ಟಿದ ಆ ಹಣದ ಬಲದ ಮೇಲೆಯೇ ಅಲ್ಲಿ ಶುಲ್ಕವಿಲ್ಲದ ಒಂದು ಸೀಟು ಸಿಗುತ್ತಿದೆ, ಅಲ್ಲಿಂದ ಬರುವ ವಿದ್ಯಾರ್ಥಿಗೂ ಇಲ್ಲಿ ಅದೇ ಅನುಕೂಲವಿದೆ ಎಂದು ಬಿಡಿಸಿ ಹೇಳಿದರೆ ಅರ್ಥವಾಗುತ್ತದೆ.

ಎರಡನೆಯದು ಸ್ವಂತವಾಗಿ ಹೋಗುವುದು. ಒಪ್ಪಂದವಿಲ್ಲದ ವಿಶ್ವವಿದ್ಯಾಲಯಕ್ಕೆ ಅತಿಥಿ ವಿದ್ಯಾರ್ಥಿಯಾಗಿ ಅರ್ಜಿ ಹಾಕಿ, ಅಲ್ಲಿಯ ಶುಲ್ಕ ಕಟ್ಟಿ ಓದುವುದು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಇದು ಬಹಳ ದುಬಾರಿ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ವಿನಿಮಯದಲ್ಲಿ ಹೋದವರಿಗೆ ಅದರಿಂದ ವಿನಾಯಿತಿ ಇದೆ. ಅದೇ ಊರು, ಅದೇ ತರಗತಿ, ದಾರಿ ಬೇರೆಯಾದರೆ ಖರ್ಚು ಬೇರೆ.

ಇಲ್ಲೊಂದು ಎಚ್ಚರ ಬೇಕು. ಬೆಂಗಳೂರಿನ ಕಾಲೇಜುಗಳ ಪ್ರಾಂಶುಪಾಲರ ಕೊಠಡಿಯ ಹೊರಗೆ ಹತ್ತಾರು ವಿದೇಶಿ ವಿಶ್ವವಿದ್ಯಾಲಯಗಳ ಜೊತೆಗಿನ ಒಡಂಬಡಿಕೆಗಳ ಪಟ್ಟಿ ಚೌಕಟ್ಟು ಹಾಕಿಸಿಕೊಂಡು ಗೋಡೆಯ ಮೇಲಿರುತ್ತದೆ. ಅವುಗಳಲ್ಲಿ ಹಲವು ಸ್ನೇಹದ ಕಾಗದಗಳು, "ಮುಂದೆ ಸಹಕರಿಸೋಣ" ಎನ್ನುವಷ್ಟಕ್ಕೆ ನಿಲ್ಲುವಂಥವು. ನಿಮಗೆ ಬೇಕಾದದ್ದು ವಿದ್ಯಾರ್ಥಿ ವಿನಿಮಯದ ಪ್ರತ್ಯೇಕ ಒಪ್ಪಂದ. ಅದರಲ್ಲಿ ಮೂರು ಮಾತುಗಳಿರಬೇಕು: ವರ್ಷಕ್ಕೆ ಎಷ್ಟು ಸೀಟು, ಬೋಧನಾ ಶುಲ್ಕ ಮನ್ನಾ ಇದೆಯೇ, ಅವಧಿ ಎಂದು ಮುಗಿಯುತ್ತದೆ. ಅಂತರರಾಷ್ಟ್ರೀಯ ವಿಭಾಗದಲ್ಲಿ ಈ ಮೂರನ್ನೂ ನೇರವಾಗಿ ಕೇಳಿ. ಅವಧಿ ಮುಗಿದು ನವೀಕರಣವಾಗದೆ ಉಳಿದ ಒಪ್ಪಂದವನ್ನು ನಂಬಿಕೊಂಡು ಅರ್ಜಿ ಬರೆದ ಹುಡುಗರನ್ನು ನಾನು ಕಂಡಿದ್ದೇನೆ.

ಐರೋಪ್ಯ ಒಕ್ಕೂಟದ ಎರಾಸ್ಮಸ್ ಪ್ಲಸ್ ಯೋಜನೆಯನ್ನು ವಿಶೇಷವಾಗಿ ವಿಚಾರಿಸಿ. 1987ರಲ್ಲಿ ಯುರೋಪಿನೊಳಗಿನ ವಿನಿಮಯಕ್ಕೆಂದು ಶುರುವಾದ ಎರಾಸ್ಮಸ್ ಈಗ ಭಾರತದ ವಿದ್ಯಾರ್ಥಿಗಳನ್ನೂ ಒಳಗೊಳ್ಳುತ್ತದೆ. ನಿಮ್ಮ ಕಾಲೇಜು ಅದರಲ್ಲಿ ಪಾಲುದಾರನಾಗಿದ್ದರೆ ಬೋಧನಾ ಶುಲ್ಕವಿಲ್ಲ, ಪ್ರಯಾಣಕ್ಕೆ ನೆರವು ಸಿಗುತ್ತದೆ, ತಿಂಗಳ ಖರ್ಚಿಗೆ ಭತ್ಯೆಯೂ ಬರುತ್ತದೆ. ಮಧ್ಯಮ ವರ್ಗದ ಮನೆಗೆ ಇದಕ್ಕಿಂತ ಒಳ್ಳೆಯ ಅವಕಾಶ ನನಗೆ ತಿಳಿದ ಮಟ್ಟಿಗೆ ಇಲ್ಲ. ಆದರೂ ಎಷ್ಟೋ ಕಾಲೇಜುಗಳಲ್ಲಿ ಅದರ ಸುತ್ತೋಲೆ ಸೂಚನಾ ಫಲಕದಲ್ಲಿ ನಾಲ್ಕು ದಿನ ಇದ್ದು ಹೋಗುತ್ತದೆ. ಕೇಳಿದವರಿಗಷ್ಟೇ ಗೊತ್ತಾಗುತ್ತದೆ.

ಸ್ವಾಯತ್ತ ಕಾಲೇಜಿನಲ್ಲಿದ್ದರೆ ಕ್ರೆಡಿಟ್ ವರ್ಗಾವಣೆಯ ತೀರ್ಮಾನ ಕಾಲೇಜಿನ ಮಟ್ಟದಲ್ಲೇ ಆಗುವ ಸಾಧ್ಯತೆ ಹೆಚ್ಚು. ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾದ ಕಾಲೇಜಾದರೆ ಕಡತ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಆದರೆ ಬೆಳಗಾವಿಯವರೆಗೆ. ಅದಕ್ಕೆ ತಕ್ಕಂತೆ ಎರಡು ಮೂರು ತಿಂಗಳು ಹೆಚ್ಚು ಇಟ್ಟುಕೊಳ್ಳಿ.

ಬೀದಿಗೊಂದರಂತೆ ಇರುವ ವಿದೇಶ ವ್ಯಾಸಂಗ ಸಲಹಾ ಕೇಂದ್ರಗಳ ಬಗ್ಗೆ ಒಂದು ಮಾತು. ಅವರ ದಂಧೆ ನಡೆಯುವುದು ಪೂರ್ಣಾವಧಿ ಪದವಿಗೆ ವಿದ್ಯಾರ್ಥಿಗಳನ್ನು ಸೇರಿಸುವುದರಿಂದ. ವಿನಿಮಯದ ಸೀಟು ಕಾಲೇಜಿನಿಂದ ಕಾಲೇಜಿಗೆ ಹೋಗುತ್ತದೆ, ಅದರ ನಡುವೆ ಯಾವ ಏಜೆಂಟನಿಗೂ ಜಾಗವಿಲ್ಲ. ಆ ಹಣ ಉಳಿಸಿ.

ಒಂದು ಕ್ರೆಡಿಟ್ ಎಂದರೆ ಎಷ್ಟು?

ವಿದ್ಯಾರ್ಥಿಗಳು ಹೆಚ್ಚು ಗೊಂದಲಕ್ಕೆ ಬೀಳುವ ಜಾಗ ಇದು. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಯುರೋಪಿನಲ್ಲಿ ಕ್ರೆಡಿಟ್ ಅಳೆಯುವ ಮಾನ ಇಸಿಟಿಎಸ್. ಪೂರ್ಣಾವಧಿ ವಿದ್ಯಾರ್ಥಿಯ ಒಂದು ವರ್ಷದ ಓದು 60 ಇಸಿಟಿಎಸ್, ಅಂದರೆ ಸೆಮಿಸ್ಟರಿಗೆ 30. ಒಂದು ಇಸಿಟಿಎಸ್‌ಗೆ 25ರಿಂದ 30 ಗಂಟೆಗಳ ಶ್ರಮ. ತರಗತಿ, ಮನೆಯ ಓದು, ಪರೀಕ್ಷೆಯ ತಯಾರಿ ಎಲ್ಲವೂ ಸೇರಿ. ನಮ್ಮಲ್ಲಿ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 40 ಕ್ರೆಡಿಟ್, ಒಂದು ಕ್ರೆಡಿಟ್‌ಗೆ 30 ಗಂಟೆ. ವಿಟಿಯುವಿನ ಬಿ.ಇ. ಪದವಿ ಎಂಟು ಸೆಮಿಸ್ಟರಿಗೆ 160 ಕ್ರೆಡಿಟ್, ಸರಾಸರಿ ಸೆಮಿಸ್ಟರಿಗೆ 20.

ಈಗ ನಮ್ಮ ನಾಲ್ಕು ಕ್ರೆಡಿಟ್‌ನ ಒಂದು ವಿಷಯಕ್ಕೆ ಅಲ್ಲಿಯ ಎಷ್ಟು ಇಸಿಟಿಎಸ್ ಬೇಕು? ಸೆಮಿಸ್ಟರಿನ ಪಾಲು ಹಿಡಿದು ನೋಡಿದರೆ 30ನ್ನು 20ರಿಂದ ಭಾಗಿಸಬೇಕು, ಒಂದು ಕ್ರೆಡಿಟ್‌ಗೆ ಒಂದೂವರೆ ಇಸಿಟಿಎಸ್. ನಾಲ್ಕು ಕ್ರೆಡಿಟ್‌ಗೆ ಆರು. ಗಂಟೆಗಳನ್ನು ಹಿಡಿದು ನೋಡಿದರೆ ನಮ್ಮ ನಾಲ್ಕು ಕ್ರೆಡಿಟ್ ಎಂದರೆ 120 ಗಂಟೆ, ಅದು ನಾಲ್ಕರಿಂದ ಐದು ಇಸಿಟಿಎಸ್‌ಗೆ ಸಮ. ಎರಡು ಲೆಕ್ಕಕ್ಕೂ ಆಧಾರವಿದೆ, ಉತ್ತರ ಮಾತ್ರ ಬೇರೆ. ಅಲ್ಲಿಯ ಐದು ಇಸಿಟಿಎಸ್‌ನ ಕೋರ್ಸೊಂದು ಎರಡನೇ ಲೆಕ್ಕದಲ್ಲಿ ನಿಮ್ಮ ವಿಷಯಕ್ಕೆ ಸಾಕಾಗುತ್ತದೆ, ಮೊದಲನೆಯದರಲ್ಲಿ ಒಂದು ಕಡಿಮೆ ಬೀಳುತ್ತದೆ. ನಿಮ್ಮ ಕಾಲೇಜು ಯಾವ ಲೆಕ್ಕ ಹಿಡಿಯುತ್ತದೆ ಎಂಬುದನ್ನು ಕೋರ್ಸ್ ಆರಿಸುವ ಮೊದಲೇ ಲಿಖಿತವಾಗಿ ತೆಗೆದುಕೊಳ್ಳಿ. ಅಮೆರಿಕದಲ್ಲಿ ಸಾಮಾನ್ಯವಾಗಿ ಸೆಮಿಸ್ಟರಿಗೆ 15 ಕ್ರೆಡಿಟ್ ಓದುತ್ತಾರೆ. ನಮ್ಮ ಇಪ್ಪತ್ತರ ಎದುರು ಅದು ಹದಿನೈದೇ ಆಗಿ ಕಂಡರೂ ಅವರ ಮಟ್ಟಿಗೆ ಅದು ತುಂಬು ಹೊರೆ. ಹೆಚ್ಚು ತುಂಬಿಸಿಕೊಳ್ಳಲು ಹೋಗಬೇಡಿ.

ಕ್ರೆಡಿಟ್ ಸಂಖ್ಯೆ ಹೊಂದಿದ ಮೇಲೆ ವಿಷಯದ ಒಳಗನ್ನು ಹೊಂದಿಸಬೇಕು. ಹೆಸರು ಒಂದೇ ಇದ್ದ ಮಾತ್ರಕ್ಕೆ ಪಾಠ ಒಂದೇ ಆಗುವುದಿಲ್ಲ. ನಮ್ಮ ಪಠ್ಯಕ್ರಮದ ಐದು ಘಟಕಗಳನ್ನು ಒಂದರ ಕೆಳಗೊಂದು ಬರೆದು, ಅವರ ಕೋರ್ಸ್ ವಿವರಣೆಯಲ್ಲಿ ಅವುಗಳಲ್ಲಿ ಎಷ್ಟು ಇವೆ ಎಂದು ಗುರುತು ಹಾಕಿ. ಮುಕ್ಕಾಲು ಪಾಲು ಕೂಡಿದರೆ ವಿಭಾಗ ಮುಖ್ಯಸ್ಥರನ್ನು ಒಪ್ಪಿಸುವುದು ಕಷ್ಟವಲ್ಲ ಎಂಬುದು ನನ್ನ ಅನುಭವ. ಕಡ್ಡಾಯ ವಿಷಯಗಳನ್ನು ಹೀಗೆ ಹೊಂದಿಸುವುದು ಹೆಣಗಾಟ, ಐಚ್ಛಿಕ ವಿಷಯಗಳನ್ನು ಹೊಂದಿಸುವುದು ಸಲೀಸು. ಹಾಗಾಗಿ ಐಚ್ಛಿಕ ವಿಷಯಗಳು ಹೆಚ್ಚಿರುವ ಸೆಮಿಸ್ಟರನ್ನೇ ವಿದೇಶಕ್ಕೆ ಮೀಸಲಿಡಿ. ಪ್ರಯೋಗಾಲಯದ ಸಾಲನ್ನು ಮರೆಯಬೇಡಿ. ಪರಿಸರ ಅಧ್ಯಯನ, ಕನ್ನಡ, ಯೋಗ ಅಥವಾ ಎನ್‌ಎಸ್‌ಎಸ್‌ನಂಥ ಕಡ್ಡಾಯ ಕೋರ್ಸ್ ಏನಾದರೂ ಆ ಸೆಮಿಸ್ಟರಿನಲ್ಲಿದ್ದರೆ ಅದನ್ನು ಯಾವಾಗ ಮುಗಿಸುತ್ತೀರಿ ಎಂಬುದನ್ನೂ ಹಾಳೆಯಲ್ಲಿ ಬರೆಯಿರಿ.

ಹೀಗೆ ತುಂಬಿದ ಹಾಳೆಗೆ ಔಪಚಾರಿಕ ಹೆಸರು ಕಲಿಕಾ ಒಪ್ಪಂದ. ಅದಕ್ಕೆ ವಿದ್ಯಾರ್ಥಿ, ಕಳಿಸುವ ಸಂಸ್ಥೆ, ಬರಮಾಡಿಕೊಳ್ಳುವ ಸಂಸ್ಥೆ ಮೂವರೂ ಸಹಿ ಹಾಕುತ್ತಾರೆ. ಅಲ್ಲಿಗೆ ಹೋದ ಮೇಲೆ ಕೋರ್ಸ್ ರದ್ದಾಗಬಹುದು, ಎರಡು ತರಗತಿಗಳ ವೇಳೆ ಒಂದೇ ಆಗಬಹುದು. ಇದು ಮಾಮೂಲು. ಆಗ ಬದಲಿ ಕೋರ್ಸ್ ಹಿಡಿದು, ಅದೇ ವಾರ ಇಲ್ಲಿಗೆ ಬರೆದು, ತಿದ್ದುಪಡಿಗೆ ಮತ್ತೆ ಮೂವರ ಸಹಿ ಪಡೆಯಬೇಕು. ಎಲ್ಲ ಮುಗಿದ ಮೇಲೆ ಹೇಳಿದರಾಯಿತು ಎಂದುಕೊಂಡರೆ ತೊಂದರೆ ತಪ್ಪಿದ್ದಲ್ಲ. ಕೆಲವು ವಿದ್ಯಾರ್ಥಿಗಳು ಬದಲಿ ಕೋರ್ಸ್‌ಗಳನ್ನು ಮೊದಲೇ ಅದೇ ಹಾಳೆಯ ಕೆಳಗೆ ಒಪ್ಪಿಸಿಕೊಂಡು ಹೋಗುತ್ತಾರೆ. ಅವರಿಗೆ ನಡುರಾತ್ರಿಯ ಮಿಂಚಂಚೆ ಬರೆಯುವ ಪ್ರಸಂಗ ಬರುವುದಿಲ್ಲ.

ಅಂಕದ ಪರಿವರ್ತನೆ ಇನ್ನೊಂದು ಗಂಟು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಉತ್ತೀರ್ಣದ ಕೊನೆಯ ಮೆಟ್ಟಿಲು, 5.0 ಅನುತ್ತೀರ್ಣ. ನಮ್ಮ ಅಂಕವನ್ನು ಅವರದಕ್ಕೆ ತಿರುಗಿಸಲು ಬಳಕೆಯಲ್ಲಿರುವುದು ಬವೇರಿಯನ್ ಸೂತ್ರ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಉತ್ತೀರ್ಣದ ಕನಿಷ್ಠ ಅಂಕ ಕಳೆದು ಬಂದದ್ದರಿಂದ ಅದನ್ನು ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಹತ್ತಕ್ಕೆ 8.2 ಸಿಜಿಪಿಎ (ಎಲ್ಲ ಸೆಮಿಸ್ಟರುಗಳ ಸರಾಸರಿ ಅಂಕ) ಇದ್ದು ಉತ್ತೀರ್ಣಕ್ಕೆ 4 ಬೇಕಿದ್ದರೆ, 1.8ನ್ನು 6ರಿಂದ ಭಾಗಿಸಿದರೆ 0.3, ಮೂರರಿಂದ ಗುಣಿಸಿದರೆ 0.9, ಒಂದು ಸೇರಿ 1.9. ಬರುವಾಗ ಇದನ್ನೇ ತಿರುಗಿಸಿದರೆ ಅಲ್ಲಿಯ 2.0 ಇಲ್ಲಿಯ 8 ಆಗುತ್ತದೆ, 3.0 ಬರೀ 6 ಆಗುತ್ತದೆ. ಅಲ್ಲಿ 3.0 ಪಡೆದವರನ್ನು ತೃಪ್ತಿಕರ ಎನ್ನುತ್ತಾರೆ. ಇಲ್ಲಿ ಆ 6 ಸಿಜಿಪಿಎಯನ್ನು ಕೆಳಗೆಳೆಯುತ್ತದೆ. ಕಾಲೇಜು ಒಪ್ಪುವುದಾದರೆ ವಿದೇಶದ ವಿಷಯಗಳನ್ನು ಉತ್ತೀರ್ಣ ಎಂದಷ್ಟೇ ನಮೂದಿಸಿ ಸಿಜಿಪಿಎಯಿಂದ ಹೊರಗಿಡುವುದು ನ್ಯಾಯವಾದದ್ದು ಎಂದು ನಾನು ಪ್ರತಿ ಸಭೆಯಲ್ಲೂ ವಾದಿಸುತ್ತೇನೆ. ಹೊಸ ದೇಶದಲ್ಲಿ, ಹೊಸ ಬಗೆಯ ಪರೀಕ್ಷೆ ಬರೆಯುವ ಧೈರ್ಯ ಮಾಡಿದ ಮಗುವಿಗೆ ಅದೇ ದಂಡವಾಗಬಾರದು.

ಪರೀಕ್ಷೆಯ ಬಗೆ ನಿಜಕ್ಕೂ ಬೇರೆ. ನಮ್ಮಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಐವತ್ತು, ಕೊನೆಯ ಪರೀಕ್ಷೆಗೆ ಐವತ್ತು ಎಂದು ಹಂಚಿರುವುದರಿಂದ ಎಡವಿದರೂ ಎದ್ದುಕೊಳ್ಳಬಹುದು. ಜರ್ಮನಿಯ ಅನೇಕ ಕೋರ್ಸ್‌ಗಳಲ್ಲಿ ಕೊನೆಯ ಒಂದೇ ಪರೀಕ್ಷೆ ಎಲ್ಲವನ್ನೂ ತೀರ್ಮಾನಿಸುತ್ತದೆ. ತರಗತಿಗೆ ಸೇರಿದ ಮಾತ್ರಕ್ಕೆ ಪರೀಕ್ಷೆಗೆ ಹೆಸರು ಸೇರುವುದಿಲ್ಲ, ನಡುವೆ ಕೆಲವು ವಾರಗಳ ಕಿಂಡಿ ತೆರೆದಾಗ ಪ್ರತ್ಯೇಕವಾಗಿ ನೋಂದಾಯಿಸಬೇಕು. ಆ ದಿನಾಂಕ ತಪ್ಪಿದರೆ ಸೆಮಿಸ್ಟರಿಡೀ ಕುಳಿತು ಕೇಳಿದ ಪಾಠಕ್ಕೆ ಕ್ರೆಡಿಟ್ ಇಲ್ಲ. ಊರು ತಲುಪಿದ ಮೊದಲ ವಾರವೇ ಆ ದಿನಾಂಕವನ್ನು ಮೊಬೈಲಿನಲ್ಲೂ ಗೋಡೆಯ ಮೇಲೂ ಬರೆದಿಡಿ.

ಯಾವ ಸೆಮಿಸ್ಟರ್?

ಮೊದಲ ವರ್ಷ ಬೇಡ, ಇನ್ನೂ ಇಲ್ಲಿಯ ಓದಿನ ದಾರಿಯೇ ತಿಳಿದಿರುವುದಿಲ್ಲ. ಎಂಜಿನಿಯರಿಂಗ್‌ನವರು ಏಳನೆಯದನ್ನು ಬಿಟ್ಟುಬಿಡುವುದು ಒಳ್ಳೆಯದು. ಬೆಂಗಳೂರಿನ ಕಾಲೇಜುಗಳಲ್ಲಿ ಪ್ಲೇಸ್‌ಮೆಂಟ್ ಸುಗ್ಗಿ ಅದೇ ಹೊತ್ತಿಗೆ ಬರುತ್ತದೆ. ಉಳಿದದ್ದು ಐದು ಮತ್ತು ಆರು. ಇವೆರಡರ ನಡುವೆ ಆರಿಸುವುದು ಹೋಗುವ ದೇಶದ ಪಂಚಾಂಗದ ಮೇಲೆ ನಿಂತಿದೆ.

ಅಮೆರಿಕದ ಶರತ್ಕಾಲದ ಸೆಮಿಸ್ಟರ್ ಆಗಸ್ಟ್ ಕೊನೆಗೆ ಶುರುವಾಗಿ ಡಿಸೆಂಬರ್ ಮಧ್ಯಕ್ಕೆ ಮುಗಿಯುತ್ತದೆ. ನಮ್ಮ ಐದನೇ ಸೆಮಿಸ್ಟರಿಗೆ ಅದು ಕೈಗವಸಿನಂತೆ ಕೂರುತ್ತದೆ, ಸಂಕ್ರಾಂತಿಗೆ ಮನೆಯಲ್ಲಿರಬಹುದು. ಜರ್ಮನಿಯ ಚಳಿಗಾಲದ ಸೆಮಿಸ್ಟರ್ ಹಾಗಲ್ಲ. ತರಗತಿ ಶುರುವಾಗುವುದೇ ಅಕ್ಟೋಬರ್ ಮಧ್ಯದಲ್ಲಿ, ಮುಗಿಯುವುದು ಫೆಬ್ರವರಿಯಲ್ಲಿ, ಪರೀಕ್ಷೆಗಳು ಮಾರ್ಚ್‌ವರೆಗೂ ಎಳೆಯಬಹುದು. ಅಷ್ಟರಲ್ಲಿ ಇಲ್ಲಿ ಆರನೇ ಸೆಮಿಸ್ಟರಿನ ತರಗತಿ ನಡೆಯುತ್ತಿರುತ್ತದೆ. ವಿಟಿಯುವಿನಲ್ಲಿ 85 ಶೇಕಡಾ ಹಾಜರಾತಿ ಬೇಕು, ತಕ್ಕ ಕಾರಣವಿದ್ದರೆ 75ರವರೆಗೆ ಮನ್ನಿಸುತ್ತಾರೆ. ಮೂರು ನಾಲ್ಕು ವಾರ ತಡವಾಗಿ ಬಂದವರಿಗೆ ಆ ಲೆಕ್ಕ ತುಂಬಿಸುವುದು ಬಹಳ ಬಿಗಿ. ಅದೇ ಜರ್ಮನಿಯ ಬೇಸಿಗೆ ಸೆಮಿಸ್ಟರ್ ಏಪ್ರಿಲ್‌ನಿಂದ ಜುಲೈವರೆಗಿನ ತರಗತಿಗಳದ್ದು. ಆರನೇ ಸೆಮಿಸ್ಟರನ್ನು ಅಲ್ಲಿ ಓದಿದರೆ ಏಳನೆಯದರ ಆರಂಭಕ್ಕೆ ಬೆಂಗಳೂರಿನಲ್ಲಿರಬಹುದು. ಪ್ಲೇಸ್‌ಮೆಂಟಿನ ಮೊದಲ ಕಂಪನಿಗಳು ಜುಲೈ, ಆಗಸ್ಟ್‌ನಲ್ಲೇ ಬಂದರೆ ದೂರದಿಂದ ಆನ್‌ಲೈನ್ ಪರೀಕ್ಷೆ ಬರೆಯಲು ಬಿಡುತ್ತಾರೆಯೇ ಎಂದು ಪ್ಲೇಸ್‌ಮೆಂಟ್ ಅಧಿಕಾರಿಯನ್ನು ಮೊದಲೇ ಕೇಳಿಟ್ಟಿರಿ. ಜಪಾನಿನಲ್ಲಿ ಏಪ್ರಿಲ್ ಮತ್ತು ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್, ಆಸ್ಟ್ರೇಲಿಯಾದಲ್ಲಿ ಫೆಬ್ರವರಿ ಮತ್ತು ಜುಲೈ ಎಂಬುದನ್ನು ನೆನಪಿಡಿ.

ಹೊರಡುವ ದಿನಕ್ಕಿಂತ ಒಂದು ವರ್ಷ ಮುಂಚೆ ಹಾಳೆ ಕೈಗೆತ್ತಿಕೊಂಡಿರಬೇಕು. ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇದ್ದರೆ ಮೊದಲು ಅದನ್ನು ತೀರಿಸಿಕೊಳ್ಳಿ, ಹೆಚ್ಚಿನ ಕಾಲೇಜುಗಳು ಅಂಥವರ ಹೆಸರನ್ನು ಶಿಫಾರಸು ಮಾಡುವುದಿಲ್ಲ. ಜರ್ಮನ್ ಕಲಿಯಲು ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನ, ಫ್ರೆಂಚ್ ಕಲಿಯಲು ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇವೆ. ಕೋರ್ಸ್ ಇಂಗ್ಲಿಷಿನಲ್ಲೇ ಇದ್ದರೂ ಮೊದಲ ಹಂತವನ್ನಾದರೂ ಮುಗಿಸಿ. ಹಾಸ್ಟೆಲಿನ ಗೋಡೆಯ ಮೇಲಿನ ಸೂಚನೆಯನ್ನು ಸ್ವಂತವಾಗಿ ಓದಿಕೊಳ್ಳುವ ದಿನದಿಂದ ಆ ಊರು ಬೇರೆಯೇ ಆಗಿ ಕಾಣುತ್ತದೆ.

ಹಣದ ಮಾತು

ಜರ್ಮನಿಯ ಉದಾಹರಣೆಯನ್ನೇ ಹಿಡಿದು ಹೇಳುತ್ತೇನೆ. ವೀಸಾಕ್ಕೆ ಅರ್ಜಿ ಹಾಕುವಾಗ ತಿಂಗಳಿಗೆ 992 ಯೂರೋದಂತೆ ಖರ್ಚಿಗೆ ಹಣವಿದೆ ಎಂದು ತೋರಿಸಬೇಕು. 2024ರ ಸೆಪ್ಟೆಂಬರಿನಿಂದ ಬಂದ ಮೊತ್ತವಿದು, ನೀವು ಅರ್ಜಿ ಹಾಕುವ ವರ್ಷದ ಮೊತ್ತವನ್ನು ಮತ್ತೆ ನೋಡಿಕೊಳ್ಳಿ. ಆರು ತಿಂಗಳಿಗೆ 5,952 ಯೂರೋ, ಯೂರೋಗೆ ನೂರು ರೂಪಾಯಿ ಹಿಡಿದರೆ ಆರು ಲಕ್ಷಕ್ಕೆ ಸ್ವಲ್ಪ ಕಡಿಮೆ. ಇದನ್ನು ಅಲ್ಲಿಯ ನಿರ್ಬಂಧಿತ ಖಾತೆಯಲ್ಲಿ ಇಡುತ್ತಾರೆ. ಆ ಹಣ ಶುಲ್ಕವಲ್ಲ, ನಿಮ್ಮದೇ ಹಣ. ಅಲ್ಲಿಗೆ ಹೋದ ಮೇಲೆ ತಿಂಗಳು ತಿಂಗಳು ನಿಮ್ಮ ಕೈಗೇ ಬರುತ್ತದೆ. ತುಮಕೂರಿನ ಕಡೆಯ ಒಬ್ಬ ತಂದೆ ಇದನ್ನು ಕೇಳಿ, "ಹಾಗಾದರೆ ಎಫ್‌ಡಿ ಇದ್ದ ಹಾಗೆ, ಮಗ ಅಲ್ಲಿ ಕುಳಿತು ಕಂತಿನಲ್ಲಿ ಬಿಡಿಸಿಕೊಳ್ಳುತ್ತಾನೆ" ಎಂದರು. ಅವರು ಹೇಳಿದ್ದಕ್ಕಿಂತ ಸ್ಪಷ್ಟವಾಗಿ ನಾನು ಯಾರಿಗೂ ವಿವರಿಸಿಲ್ಲ. ವಿದ್ಯಾರ್ಥಿವೇತನ ಪತ್ರವಿದ್ದರೆ ಅಷ್ಟರ ಮಟ್ಟಿಗೆ ಈ ಹೊರೆ ಇಳಿಯುತ್ತದೆ.

ಇದರ ಮೇಲೆ ವಿಮಾನದ ಟಿಕೆಟ್, ಆರೋಗ್ಯ ವಿಮೆ, 75 ಯೂರೋ ವೀಸಾ ಶುಲ್ಕ, ಬಾಡಿಗೆ ಕೊಠಡಿಯ ಮುಂಗಡ, ಅಲ್ಲಿಯ ವಿಶ್ವವಿದ್ಯಾಲಯದ ಸೆಮಿಸ್ಟರ್ ವಂತಿಗೆ. ಈ ವಂತಿಗೆಯಲ್ಲಿ ಬಹಳ ಕಡೆ ಬಸ್ಸು, ರೈಲಿನ ಪಾಸ್ ಸೇರಿರುತ್ತದೆ. ಮೊದಲ ತಿಂಗಳು ಯಾವಾಗಲೂ ದುಪ್ಪಟ್ಟು ಖರ್ಚು ಎಂದು ಲೆಕ್ಕ ಇಟ್ಟುಕೊಳ್ಳಿ. ಅಲ್ಲಿ ಕೆಲಸ ಮಾಡಿ ತೂಗಿಸುತ್ತೇನೆ ಎಂಬ ಲೆಕ್ಕ ಬೇಡ. ನಿಯಮ ವರ್ಷಕ್ಕೆ 140 ಪೂರ್ಣ ದಿನಗಳ ದುಡಿಮೆಗೆ ಅವಕಾಶ ಕೊಡುತ್ತದೆ ನಿಜ, ಆದರೆ ಭಾಷೆ ಬಾರದ ಊರಿನಲ್ಲಿ ಐದು ತಿಂಗಳ ಮಟ್ಟಿಗೆ ಕೆಲಸ ಹುಡುಕಿ ಹಿಡಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ.

ಬ್ಯಾಂಕಿನ ಮೂಲಕ ಹೊರದೇಶಕ್ಕೆ ಕಳಿಸುವ ಹಣ ಆರ್ಥಿಕ ವರ್ಷಕ್ಕೆ ಹತ್ತು ಲಕ್ಷ ರೂಪಾಯಿ ಮೀರಿದರೆ ಮಾತ್ರ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ಅದೂ ಇಲ್ಲ. ಒಂದು ಸೆಮಿಸ್ಟರಿನ ಖರ್ಚು ಸಾಮಾನ್ಯವಾಗಿ ಆ ಗೆರೆಯ ಒಳಗೇ ಇರುತ್ತದೆ. ವಿದೇಶ ವ್ಯಾಸಂಗಕ್ಕೆ ನೆರವು ಕೊಡುವ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆಯಂಥವು ಪೂರ್ಣ ಪದವಿಗೆಂದು ಇರುವಂಥವು, ಸೆಮಿಸ್ಟರಿಗೆ ಅವುಗಳನ್ನು ನಂಬಿ ಕೂರಬೇಡಿ. ಜಪಾನಿಗೆ ವಿನಿಮಯದಲ್ಲಿ ಹೋಗುವವರು ಜಾಸ್ಸೋ ಸಂಸ್ಥೆಯ ವಿದ್ಯಾರ್ಥಿವೇತನವನ್ನು ವಿಚಾರಿಸಿ, ತಿಂಗಳಿಗೆ 80,000 ಯೆನ್ ಕೊಡುತ್ತಾರೆ. ಅರ್ಜಿ ಹೋಗುವುದು ಅಲ್ಲಿಯ ವಿಶ್ವವಿದ್ಯಾಲಯದ ಮೂಲಕ.

ಹೆಸರು, ಇನಿಷಿಯಲ್, ಕಾಗದಪತ್ರ

ನಮ್ಮ ರಾಜ್ಯದ ಮಕ್ಕಳಿಗೆ ಒಂದು ವಿಶೇಷ ತೊಡಕಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು "ಸುಮಾ ಕೆ. ಎನ್." ಎಂದಿರುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಷಿಯಲ್ ಬಿಡಿಸಿ ಬರೆಯಬೇಕು, ಕೆ ಎಂದರೆ ಊರು, ಎನ್ ಎಂದರೆ ಅಪ್ಪ. ಆಗ ಊರಿನ ಹೆಸರು, ತಂದೆಯ ಹೆಸರು ಉಪನಾಮದ ಜಾಗಕ್ಕೆ ಬಂದು ಕೂರುತ್ತವೆ. ಇನ್ನು ಕೆಲವರು ಉಪನಾಮದ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ, ಅಂಥವರ ಅಮೆರಿಕದ ವೀಸಾದಲ್ಲಿ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಎಂದು ಮುದ್ರಣವಾಗುತ್ತದೆ. ಮೊದಲ ಹೆಸರು ತಿಳಿಯದು ಎಂದು ಅದರ ಅರ್ಥ. ಅಲ್ಲಿಯ ಬ್ಯಾಂಕು, ಹಾಸ್ಟೆಲು, ವಿಮೆ ಎಲ್ಲದರಲ್ಲೂ ಅದೇ ಹೆಸರಾಗಿ ಓಡಾಡುತ್ತದೆ. ಪಾಸ್‌ಪೋರ್ಟ್ ಇನ್ನೂ ಇಲ್ಲದವರು ಹೆಸರು ಮತ್ತು ಉಪನಾಮದ ಎರಡೂ ಜಾಗ ತುಂಬಿಸಿ, ಒಮ್ಮೆ ನಿರ್ಧರಿಸಿದ ಅಕ್ಷರಗಳನ್ನೇ ಎಲ್ಲ ಅರ್ಜಿಗಳಲ್ಲೂ ಬಳಸಿ. ಈಗಾಗಲೇ ವ್ಯತ್ಯಾಸವಿದ್ದರೆ ಎರಡೂ ಹೆಸರು ಒಬ್ಬರದ್ದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಬರೆಸಿ ನೋಟರಿ ಮಾಡಿಸಿ, ಕಡತದ ಮೊದಲ ಪುಟವಾಗಿ ಇಟ್ಟುಕೊಳ್ಳಿ.

ವೀಸಾದ ಮುಖ್ಯ ಲೆಕ್ಕ ದಿನಗಳದ್ದು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ಪ್ರವಾಸಿ ವೀಸಾ 180 ದಿನಗಳಲ್ಲಿ 90 ದಿನ ಮಾತ್ರ ಇರಲು ಬಿಡುತ್ತದೆ, ಸೆಮಿಸ್ಟರ್ ಅದನ್ನು ಮೀರುವುದರಿಂದ ಆಯಾ ದೇಶದ ದೀರ್ಘಾವಧಿ ವೀಸಾ ಬೇಕು. ಕರ್ನಾಟಕದವರು ಜರ್ಮನಿಗೆ ಬೆಂಗಳೂರಿನಲ್ಲಿರುವ ಅದರ ಕಾನ್ಸುಲೇಟ್ ಮೂಲಕವೇ ಹೋಗುತ್ತಾರೆ. ನಿಮ್ಮ ಅಂಕಪಟ್ಟಿಗಳು ಅಸಲಿ ಎಂದು ದೃಢಪಡಿಸುವ ಎಪಿಎಸ್ ಪ್ರಮಾಣಪತ್ರ ನಿಮ್ಮ ಬಗೆಯ ವಿನಿಮಯಕ್ಕೆ ಬೇಕೇ ಎಂದು ಅವರಿಗೇ ಬರೆದು ಕೇಳಿ. ಫ್ರಾನ್ಸಿಗೆ ಮೊದಲು ಅಲ್ಲಿಯ ಸರ್ಕಾರಿ ಸಂಸ್ಥೆಯಾದ ಕ್ಯಾಂಪಸ್ ಫ್ರಾನ್ಸ್‌ನ ಸಂದರ್ಶನ ಮುಗಿಸಬೇಕು, ಆಮೇಲೆ ವೀಸಾ. ಅಮೆರಿಕಕ್ಕೆ ವಿನಿಮಯದಲ್ಲಿ ಹೋಗುವವರಿಗೆ ಜೆ-1 ವೀಸಾ, ಅದಕ್ಕೆ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲಾತಿ) ಶುಲ್ಕ 220 ಡಾಲರ್. ಸ್ವಂತ ಖರ್ಚಿನಲ್ಲಿ ಹೋಗುವವರಿಗೆ ಸಾಮಾನ್ಯವಾಗಿ ಎಫ್-1, ಅದಕ್ಕೆ 350. ಸಂದರ್ಶನಕ್ಕೆ ನಮ್ಮವರು ಚೆನ್ನೈಗೋ ಹೈದರಾಬಾದಿಗೋ ಹೋಗುವುದು ರೂಢಿ. ಬ್ರಿಟನ್ನಿನಲ್ಲಿ ಆರು ತಿಂಗಳೊಳಗಿನ ಓದಿಗೆ ಸಂದರ್ಶಕ ವೀಸಾದಲ್ಲೇ ಅವಕಾಶವಿದೆ.

ವಸತಿಗೆ ಪ್ರವೇಶ ಪತ್ರ ಬಂದ ದಿನವೇ ಅರ್ಜಿ ಹಾಕಿ. ವಿದ್ಯಾರ್ಥಿ ನಿಲಯ ಸಿಗದೆ ಖಾಸಗಿ ಕೊಠಡಿ ಹುಡುಕುವಾಗ "ಮುಂಗಡ ಕಳಿಸಿ, ಬೀಗದ ಕೈ ಕೊರಿಯರ್ ಮಾಡುತ್ತೇನೆ" ಎನ್ನುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಅಂಥ ಕೊಠಡಿಯೇ ಇರುವುದಿಲ್ಲ.

ಮನೆಯವರ ಮನಸ್ಸಿನ ಪ್ರಶ್ನೆ ಇದ್ಯಾವುದೂ ಅಲ್ಲ. "ಅಲ್ಲಿ ಏನಾದರೂ ಆದರೆ ಯಾರನ್ನು ಕೇಳಬೇಕು?" ಎಂಬುದು. ಅದಕ್ಕೆ ಬರವಣಿಗೆಯಲ್ಲೇ ಉತ್ತರ ಕೊಡಿ. ಎರಡೂ ಕಡೆಯ ಸಂಯೋಜಕರ ಹೆಸರು ಮತ್ತು ದೂರವಾಣಿ, ವಿಮೆಯ ಸಂಖ್ಯೆ, ಹತ್ತಿರದ ಭಾರತೀಯ ದೂತಾವಾಸದ ತುರ್ತು ಸಂಖ್ಯೆ, ಉಳಿಯುವ ವಿಳಾಸ. ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ ಹೊರಡಿ. ಅಮ್ಮ ಅದನ್ನು ದಿನಾ ನೋಡುತ್ತಾರೆ.

ಅಮ್ಮ ಕಟ್ಟಿಕೊಡುವ ಗಂಟಿನ ಬಗ್ಗೆಯೂ ಹೇಳಬೇಕು. ಐರೋಪ್ಯ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ತುಪ್ಪದ ಡಬ್ಬಿ, ಧಾರವಾಡ ಪೇಡೆ ಕಸ್ಟಮ್ಸ್‌ನಲ್ಲೇ ಉಳಿಯುತ್ತವೆ. ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಹೋಗುತ್ತವೆ. ಆಸ್ಟ್ರೇಲಿಯಾಕ್ಕಾದರೆ ತಿನ್ನುವ ಪ್ರತಿಯೊಂದನ್ನೂ ಅಲ್ಲಿ ಇಳಿಯುವಾಗ ತುಂಬುವ ಪ್ರಯಾಣಿಕರ ಚೀಟಿಯಲ್ಲಿ ಘೋಷಿಸಿ. ದಿನವೂ ತೆಗೆದುಕೊಳ್ಳುವ ಔಷಧವಿದ್ದರೆ ಅದರ ಮೂಲ ಹೆಸರು ಬರೆದ ವೈದ್ಯರ ಚೀಟಿ ಜೊತೆಗಿರಲಿ.

ಅಲ್ಲಿ, ಮತ್ತು ಮರಳಿ

ಜರ್ಮನಿಯಲ್ಲಿ ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಬ್ಯಾಂಕಿನಲ್ಲೂ ಬೇರೆ ಕಚೇರಿಗಳಲ್ಲೂ ಆ ಚೀಟಿಯನ್ನೇ ಕೇಳುತ್ತಾರೆ. ಮೊದಲ ಮೂರು ವಾರ ಎಲ್ಲರಿಗೂ ಕಷ್ಟ. ನವೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲಾಗುವಾಗ, ಇಲ್ಲಿ ರಾತ್ರಿ ಒಂಬತ್ತಾಗಿರುತ್ತದೆ, ಮನೆಯವರು ಮಲಗುವ ಹೊತ್ತು. ಕರೆ ಮಾಡುವ ವೇಳೆಯನ್ನು ಮೊದಲೇ ನಿಗದಿ ಮಾಡಿಕೊಳ್ಳಿ. ನಿಮ್ಮ ಸಂಯೋಜಕರಿಗೆ ತಿಂಗಳಿಗೊಮ್ಮೆ ಎರಡು ಸಾಲು ಬರೆಯಿರಿ. ಬರೆಯದವರ ಬಗ್ಗೆಯೇ ನನಗೆ ಚಿಂತೆ ಹೆಚ್ಚು.

ಹಿಂದಿರುಗುವ ಮುನ್ನ ಅಲ್ಲಿಯ ಅಂತರರಾಷ್ಟ್ರೀಯ ಕಚೇರಿಯಲ್ಲಿ ಎರಡು ಕಾಗದ ಕೇಳಿ ಪಡೆಯಿರಿ: ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಓದಿದಿರಿ ಎಂಬ ಪತ್ರ, ಮತ್ತು ಅಧಿಕೃತ ಅಂಕಪಟ್ಟಿಯನ್ನು ನೇರವಾಗಿ ನಿಮ್ಮ ಕಾಲೇಜಿಗೆ ಕಳಿಸುತ್ತೇವೆ ಎಂಬ ಭರವಸೆ. ಅಂಕಪಟ್ಟಿ ಬರಲು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಇಲ್ಲಿಯ ಫಲಿತಾಂಶದಲ್ಲಿ ನಿಮ್ಮ ಸೆಮಿಸ್ಟರ್ ಖಾಲಿ ಕಂಡು ಕಂಪನಿಯವರು ಕೇಳಿದರೆ ತೋರಿಸಲು ಪ್ರಾಂಶುಪಾಲರಿಂದ ಒಂದು ಪತ್ರ ತೆಗೆದಿಟ್ಟುಕೊಳ್ಳಿ. ಅಂಕಪಟ್ಟಿ ಬಂದ ಮೇಲೆ ಅದನ್ನೂ ಸಹಿಯಾದ ಕಲಿಕಾ ಒಪ್ಪಂದವನ್ನೂ ಜೋಡಿಸಿ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಡಿ. ಕ್ರೆಡಿಟ್‌ಗಳನ್ನು ಕೂಡಿಡುವ ನಿಮ್ಮ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆಗೆ ಅವುಗಳನ್ನು ಸೇರಿಸುವುದು ನಿಮ್ಮ ಸಂಸ್ಥೆಯ ಕೆಲಸ. ಸೇರಿತೇ ಎಂದು ಡಿಜಿಲಾಕರಿನಲ್ಲಿ ನೋಡಿಕೊಳ್ಳುವುದು ನಿಮ್ಮದು.

ಕಳೆದ ಬಾರಿ ಹೋಗಿ ಬಂದ ಹುಡುಗನೊಬ್ಬನ ಹಾಳೆ ಈಗಲೂ ನನ್ನ ಮೇಜಿನ ಗಾಜಿನ ಕೆಳಗಿದೆ. ಎಡಗಡೆ ಆರು ವಿಷಯ, ಬಲಗಡೆ ಏಳು, ಪ್ರಯೋಗಾಲಯಕ್ಕೆ ಬೇರೆಯೇ ಸಾಲು, ಕೆಳಗೆ ಎರಡು ಬದಲಿ ಕೋರ್ಸ್, ಅಂಚಿನಲ್ಲಿ ಪರೀಕ್ಷಾ ನೋಂದಣಿಯ ದಿನಾಂಕ ಕೆಂಪು ಶಾಯಿಯಲ್ಲಿ. ಅವನ ಅರ್ಜಿ ಪರೀಕ್ಷಾ ವಿಭಾಗದಲ್ಲಿ ಒಂಬತ್ತೇ ದಿನ ಇತ್ತು. ಹೊಸಬರು ಬಂದಾಗ ಖಾಲಿ ಹಾಳೆ ತೆಗೆಯುವ ಮೊದಲು ಅದನ್ನು ತೋರಿಸುತ್ತೇನೆ.